ನೆಗಡಿ ಕಾಲದ ಮನೆಮದ್ದು: ಕಷಾಯದ ಪುಡಿಯಿಂದ ಮೆಣಸಿನ ಸಾರಿನವರೆಗೆ

ಬೆಳಿಗ್ಗೆ ಗಂಟಲಲ್ಲಿ ಏನೋ ಕೆರೆತ. ಸಂಜೆ ಹೊತ್ತಿಗೆ ನಾಲ್ಕು ಸೀನು. ರಾತ್ರಿ ಮಲಗುವಾಗ ಒಂದು ಕಡೆಯ ಮೂಗು ಕಟ್ಟಿ ಕೂತಿರುತ್ತದೆ. ಇಷ್ಟಾದ ಮೇಲೆ ಎದ್ದು ಅಂಗಡಿಗೆ ಹೋಗಿ, ಜೀರಿಗೆ ಮೆಣಸು ತಂದು, ಹುರಿದು ಪುಡಿ ಮಾಡುವ ಉತ್ಸಾಹ ಯಾರಿಗಿರುತ್ತದೆ ಹೇಳಿ? ಅದಕ್ಕೇ ಈ ಕೆಲಸವನ್ನು ಮೂಗು ಸರಿ ಇರುವಾಗಲೇ ಮುಗಿಸಿಟ್ಟುಕೊಳ್ಳಬೇಕು. ಇನ್ನೊಂದು ಕಾರಣವೂ ಇದೆ. ಮೂಗು ಕಟ್ಟಿದ್ದರೆ ಹುರಿದ ಪರಿಮಳ ಗೊತ್ತಾಗುವುದಿಲ್ಲ, ಸೀದ ವಾಸನೆಯೂ ಗೊತ್ತಾಗುವುದಿಲ್ಲ. ಒಂದು ಸಲ ನೆಗಡಿಯಲ್ಲೇ ಮೆಂತ್ಯ ಹುರಿಯಲು ಕೂತು, ಕಪ್ಪಾಗಿದ್ದನ್ನು ಗಮನಿಸದೆ ಎಲ್ಲದರ ಜೊತೆ ಪುಡಿ ಮಾಡಿಬಿಟ್ಟೆ. ಇಡೀ ಡಬ್ಬಿ ವಿಷದಂತೆ ಕಹಿ. ಮನೆಯಲ್ಲಿ ಯಾರೂ ಮುಟ್ಟಲಿಲ್ಲ.

ನಮ್ಮದು ತೀರ್ಥಹಳ್ಳಿ ಕಡೆ. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದಿಲ್ಲ, ನೆಗಡಿಯೂ ಒಣಗುವುದಿಲ್ಲ. ಈಗ ಬೆಂಗಳೂರಿನಲ್ಲಿದ್ದೇನೆ. ಇಲ್ಲಿ ಮಳೆಗಾಲದ್ದು ಒಂದು ಸುತ್ತು, ಡಿಸೆಂಬರ್ ಚಳಿಯದ್ದು ಇನ್ನೊಂದು ಸುತ್ತು. ಮೂಗಿರುವ ತನಕ ನೆಗಡಿ ತಪ್ಪಿದ್ದಲ್ಲ.

ಕಷಾಯ ಏನು ಮಾಡುತ್ತೆ, ಏನು ಮಾಡಲ್ಲ

ನೆಗಡಿ ಬರುವುದು ವೈರಸ್‌ನಿಂದ. ರೈನೋವೈರಸ್ ಎಂಬ ಒಂದು ಗುಂಪಿನಲ್ಲೇ ನೂರಕ್ಕೂ ಹೆಚ್ಚು ಬಗೆಗಳಿವೆ. ಹಾಗಾಗಿಯೇ ಒಂದು ಸಲ ಬಂದುಹೋದ ನೆಗಡಿ ಮತ್ತೆ ಬರುತ್ತದೆ. ಯಾವ ಕಷಾಯವೂ ಆ ವೈರಸ್ಸನ್ನು ಕೊಲ್ಲುವುದಿಲ್ಲ. ಆಂಟಿಬಯಾಟಿಕ್ ಮಾತ್ರೆಯೂ ಕೊಲ್ಲುವುದಿಲ್ಲ, ಅದು ಬ್ಯಾಕ್ಟೀರಿಯಾಗೆ ಇರುವ ಔಷಧಿ. ಸಾಮಾನ್ಯ ನೆಗಡಿ 7ರಿಂದ 10 ದಿನದಲ್ಲಿ ತಾನಾಗಿ ಹೋಗುತ್ತದೆ. ಔಷಧಿ ತಗೊಂಡರೆ ಒಂದು ವಾರ, ತಗೊಳ್ಳದಿದ್ದರೆ ಏಳು ದಿನ ಅಂತಾರಲ್ಲ, ಆ ಮಾತು ಹೆಚ್ಚುಕಡಿಮೆ ನಿಜ.

ಹಾಗಾದರೆ ಇಷ್ಟೆಲ್ಲಾ ಯಾಕೆ ಮಾಡಬೇಕು? ಆ ಏಳು ದಿನ ಕಳೆಯಬೇಕಲ್ಲ! ಬಿಸಿ ಬಿಸಿ ಕುಡಿದರೆ ಗಂಟಲಿಗೆ ಹಿತ. ಮೆಣಸು, ಶುಂಠಿಯ ಖಾರಕ್ಕೆ ಮೂಗಿನಲ್ಲಿ ನೀರು ಇಳಿದು, ಸ್ವಲ್ಪ ಹೊತ್ತಾದರೂ ಉಸಿರು ಸಲೀಸಾಗುತ್ತದೆ. ಹಸಿವಿಲ್ಲದವರ ಹೊಟ್ಟೆಗೂ ಒಂದಿಷ್ಟು ನೀರು, ಬೆಲ್ಲ, ಉಪ್ಪು ಸೇರುತ್ತದೆ. ರಾತ್ರಿ ನಿದ್ದೆ ಬರುತ್ತದೆ. ನನ್ನ ಮಟ್ಟಿಗೆ ಮನೆಮದ್ದಿನ ಕೆಲಸ ಇಷ್ಟೇ. ಇಷ್ಟನ್ನು ಅದು ಚೆನ್ನಾಗಿ ಮಾಡುತ್ತದೆ, ಆದರೆ ಸಾಮಾನು ಚೆನ್ನಾಗಿರಬೇಕು, ಹದ ಗೊತ್ತಿರಬೇಕು.

ಸಾಮಾನು ತರುವಾಗ

ಎಲ್ಲವನ್ನೂ ಇಡಿಯಾಗಿಯೇ ತನ್ನಿ, ಪುಡಿ ತರಬೇಡಿ. ಜ್ಯೇಷ್ಠಮಧು, ಒಣಶುಂಠಿ ಮಾಮೂಲಿ ದಿನಸಿ ಅಂಗಡಿಯಲ್ಲಿ ಸಿಗದಿದ್ದರೆ ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತವೆ.

ಕಾಳುಮೆಣಸಿನ ಬಗ್ಗೆ ಎರಡು ಮಾತು. ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ತೋಟದ ಮರಗಳಿಗೆ ಹಬ್ಬಿದ ಬಳ್ಳಿಯಲ್ಲೇ ಇದು ಬೆಳೆಯುತ್ತದೆ. ಆ ಕಡೆ ನೆಂಟರಿದ್ದರೆ ಅವರಿಂದಲೇ ತರಿಸಿಕೊಳ್ಳಿ. ಅಂಗಡಿಯದ್ದಾದರೆ ಒಂದು ಚಿಟಿಕೆ ಕಾಳನ್ನು ಲೋಟ ನೀರಿಗೆ ಹಾಕಿ ನೋಡಿ. ಗಟ್ಟಿ ಮೆಣಸು ಮುಳುಗುತ್ತದೆ. ಕಲಬೆರಕೆಗೆ ಹಾಕುವ ಪಪ್ಪಾಯಿ ಬೀಜ ತೇಲುತ್ತದೆ. ಜೊಳ್ಳು ಮೆಣಸೂ ತೇಲಬಹುದು, ಅದೂ ನಮಗೆ ಬೇಕಾಗಿಲ್ಲ. ಒಣಶುಂಠಿಯನ್ನು ಮುರಿದರೆ ಟಕ್ಕನೆ ಮುರಿಯಬೇಕು, ಘಾಟು ಮೂಗಿಗೆ ಬಡಿಯಬೇಕು. ತೀರಾ ಬೆಳ್ಳಗೆ ಸುಣ್ಣ ಬಳಿದಂತಿದ್ದರೆ ಬೇಡ.

ಕಷಾಯದ ಪುಡಿ

ಮನೆಗೊಂದು ಅಳತೆ ಇರುತ್ತದೆ. ನಮ್ಮನೆಯದು ಹೀಗಿದೆ:

ಕೊತ್ತಂಬರಿ ಬೀಜ 100 ಗ್ರಾಂ
ಜೀರಿಗೆ 50 ಗ್ರಾಂ
ಕಾಳುಮೆಣಸು 25 ಗ್ರಾಂ
ಒಣಶುಂಠಿ 20 ಗ್ರಾಂ
ಸೋಂಪು 20 ಗ್ರಾಂ
ಜ್ಯೇಷ್ಠಮಧು 10 ಗ್ರಾಂ (ಬಿಪಿ ಇರುವವರ ಮನೆಯಾದರೆ ಬಿಟ್ಟುಬಿಡಿ, ಕಾರಣ ಆಮೇಲೆ ಹೇಳುತ್ತೇನೆ)
ಮೆಂತ್ಯ 1 ಚಮಚ
ಏಲಕ್ಕಿ 8, ಲವಂಗ 6
ಅರಿಶಿನ ಪುಡಿ 1 ಚಮಚ

ಇದರಲ್ಲಿ 220 ಗ್ರಾಂ ದಾಟಿ ಪುಡಿ ಆಗುತ್ತದೆ. ಲೋಟಕ್ಕೆ ಒಂದು ಚಮಚದ ಲೆಕ್ಕದಲ್ಲಿ ಹತ್ತಿರ ಹತ್ತಿರ 80 ಲೋಟಕ್ಕೆ ಸಾಕು. ಇದಕ್ಕಿಂತ ಜಾಸ್ತಿ ಒಟ್ಟಿಗೆ ಮಾಡಬೇಡಿ, ಘಮ ಹೋಗಿಬಿಡುತ್ತದೆ.

ಮೊದಲು ಎಲ್ಲವನ್ನೂ ಮೊರದಲ್ಲಿ ಹಾಕಿ ಆರಿಸಿ. ಕೊತ್ತಂಬರಿಯಲ್ಲಿ ಕಡ್ಡಿ, ಜೀರಿಗೆಯಲ್ಲಿ ಮಣ್ಣು ಇದ್ದೇ ಇರುತ್ತದೆ. ಬಿಸಿಲಿದ್ದರೆ ಒಂದು ಮಧ್ಯಾಹ್ನ ಒಣಹಾಕಿ. ಒಣಶುಂಠಿ, ಜ್ಯೇಷ್ಠಮಧು ಎರಡನ್ನೂ ಕುಟ್ಟಾಣಿಯಲ್ಲಿ ಜಜ್ಜಿ ಚೂರು ಮಾಡಿಕೊಳ್ಳಿ. ಇಡೀ ತುಂಡನ್ನೇ ಮಿಕ್ಸಿಗೆ ಹಾಕಿದರೆ ಬ್ಲೇಡಿಗೆ ಪೆಟ್ಟು, ಶುಂಠಿಯ ನಾರು ಸುತ್ತಿಕೊಳ್ಳುವುದು ಬೇರೆ.

ಈಗ ಹುರಿಯುವುದು. ದಪ್ಪ ತಳದ ಬಾಣಲೆ, ಸಣ್ಣ ಉರಿ, ಎಣ್ಣೆ ಬೇಡ. ಒಂದೊಂದನ್ನೂ ಬೇರೆ ಬೇರೆ ಹುರಿಯಿರಿ. ಇದೊಂದು ವಿಷಯದಲ್ಲಿ ಸೋಮಾರಿತನ ಮಾಡಬೇಡಿ. ಜೀರಿಗೆಗೆ ಎರಡು ನಿಮಿಷ ಸಾಕು, ಕೊತ್ತಂಬರಿಗೆ ನಾಲ್ಕೈದು ನಿಮಿಷ ಬೇಕು. ಒಟ್ಟಿಗೆ ಹಾಕಿದರೆ ಕೊತ್ತಂಬರಿ ಹದಕ್ಕೆ ಬರುವಷ್ಟರಲ್ಲಿ ಜೀರಿಗೆ ಕರಟಿರುತ್ತದೆ. ಕೊತ್ತಂಬರಿ ಬಣ್ಣ ತುಸು ಗಾಢವಾಗಿ, ಕೈಯಲ್ಲಿ ಹಿಸುಕಿದರೆ ಗರಿಗರಿ ಒಡೆಯಬೇಕು. ಮೆಣಸು ಬಿಸಿಯಾಗಿ ಒಂದೆರಡು ಕಾಳು ಚಟಪಟ ಅಂದರೆ ಇಳಿಸಿ. ಮೆಂತ್ಯ ಕೆಂಪಗಾದ ಕೂಡಲೇ ತೆಗೆಯಿರಿ, ಅದರ ಮೇಲಿಂದ ಕಣ್ಣು ತೆಗೆಯಬೇಡಿ. ಸೋಂಪು, ಲವಂಗ, ಏಲಕ್ಕಿ ಬೆಚ್ಚಗಾದರೆ ಸಾಕು. ಶುಂಠಿ ಮತ್ತು ಜ್ಯೇಷ್ಠಮಧುವನ್ನು ಉರಿ ಆರಿಸಿದ ಬಾಣಲೆಯ ಶಾಖದಲ್ಲೇ ಎರಡು ಸಲ ಕೈಯಾಡಿಸಿದರೆ ಆಯ್ತು.

ಎಲ್ಲವನ್ನೂ ಅಗಲ ತಟ್ಟೆಯಲ್ಲಿ ಹರಡಿ ಪೂರ್ತಿ ಆರಲು ಬಿಡಿ. ಬಿಸಿ ಇದ್ದಾಗಲೇ ಮಿಕ್ಸಿಗೆ ಹಾಕಿದರೆ ಒಳಗೆ ಹಬೆ ಕಟ್ಟಿ ಪುಡಿ ಮುದ್ದೆಯಾಗುತ್ತದೆ. ಮಿಕ್ಸಿಯನ್ನೂ ಒಂದೇ ಸಮ ಓಡಿಸಬೇಡಿ, ಬಿಟ್ಟು ಬಿಟ್ಟು ತಿರುಗಿಸಿ. ರವೆಗಿಂತ ಸ್ವಲ್ಪ ನಯವಾದರೆ ಸಾಕು. ತೀರಾ ನುಣ್ಣಗಾದರೆ ಕಷಾಯ ಸೋಸುವಾಗ ಬಟ್ಟೆ ಕಟ್ಟಿಕೊಳ್ಳುತ್ತದೆ, ಲೋಟದ ತಳದಲ್ಲಿ ಕೆಸರು ನಿಲ್ಲುತ್ತದೆ. ಜರಡಿ ಹಿಡಿದು, ಮೇಲೆ ಉಳಿದ ನಾರನ್ನು ಇನ್ನೊಂದು ಸುತ್ತು ಪುಡಿ ಮಾಡಿ. ಕೊನೆಗೆ ಅರಿಶಿನ ಬೆರೆಸಿ, ಕಾಲು ಗಂಟೆ ಗಾಳಿಗೆ ಬಿಟ್ಟು, ಒಣಗಿದ ಗಾಜಿನ ಡಬ್ಬಿಗೆ ತುಂಬಿ. ಡಬ್ಬಿಯ ಮೇಲೆ ತಾರೀಕು ಬರೆಯಿರಿ. ಎರಡು ತಿಂಗಳು ಘಮ ಇರುತ್ತದೆ. ಒದ್ದೆ ಚಮಚ ಮಾತ್ರ ಹಾಕಲೇಬೇಡಿ.

ಒಂದು ಲೋಟ ಕಷಾಯ

ಒಂದೂವರೆ ಲೋಟ ನೀರು ಇಡಿ. ಕುದಿ ಬಂದಾಗ ಒಂದು ಚಮಚ ಪುಡಿ, ಅಡಿಕೆ ಗಾತ್ರದ ಬೆಲ್ಲ ಹಾಕಿ. ಹಸಿಶುಂಠಿ ಇದ್ದರೆ ಒಂದು ತುಂಡು ಜಜ್ಜಿ ಹಾಕಿ. ಶುಂಠಿ ಇಲ್ಲದ ಕಷಾಯ ಉಂಟೇ ಅಂತ ಹಿರಿಯರು ಸುಮ್ನೆ ಹೇಳಿಲ್ಲ. ತುಳಸಿಯ ನಾಲ್ಕು ಎಲೆಯೂ ಇರಲಿ, ಇದ್ದರೆ. ಉರಿ ಸಣ್ಣ ಮಾಡಿ ನಾಲ್ಕೈದು ನಿಮಿಷ ಕುದಿಸಿ, ಒಂದು ಲೋಟಕ್ಕೆ ಇಳಿಯಬೇಕು. ಆರಿಸಿ, ತಟ್ಟೆ ಮುಚ್ಚಿ ಎರಡು ನಿಮಿಷ ಬಿಟ್ಟು ಸೋಸಿ.

ಹಾಲು ಬೇಕೆನ್ನುವವರು ಬೇರೆ ಕಾಯಿಸಿದ ಹಾಲನ್ನು ಸೋಸಿದ ಮೇಲೆ ಬೆರೆಸಿ. ಬೆಲ್ಲದ ಜೊತೆ ಹಾಲನ್ನೂ ಹಾಕಿ ಕುದಿಸಿದರೆ ಒಡೆಯುವ ಸಾಧ್ಯತೆ ಜಾಸ್ತಿ. ಬೆಲ್ಲದ ಬದಲು ಜೇನು ಹಾಕುವವರು ಕಷಾಯ ಕುಡಿಯುವ ಬಿಸಿಗೆ ಇಳಿದ ಮೇಲೆ ಹಾಕಿ, ಕುದಿಸಿದರೆ ಜೇನಿನ ಘಮವೇ ಇರುವುದಿಲ್ಲ.

ದಿನಕ್ಕೆ ಎರಡು ಲೋಟ ಸಾಕು. "ಖಾರ ಇದ್ದಷ್ಟೂ ಒಳ್ಳೇದು" ಅನ್ನುವ ಭ್ರಮೆ ನನಗೂ ಇತ್ತು. ಕೊರೋನಾ ಸಮಯದಲ್ಲಿ ದಿನಕ್ಕೆ ಐದಾರು ಲೋಟ, ಅದೂ ಮೆಣಸು ದುಪ್ಪಟ್ಟು ಹಾಕಿ ಕುಡಿದೆ. ನೆಗಡಿ ತನ್ನ ಪಾಡಿಗೆ ತಾನು ಹೋಯಿತು. ಎದೆ ಉರಿ, ಹುಳಿತೇಗು ಮಾತ್ರ ಮೂರು ವಾರ ಉಳಿಯಿತು.

ಮೆಣಸಿನ ಸಾರು

ನಾನು ಕಷಾಯಕ್ಕಿಂತ ಇದನ್ನೇ ಹೆಚ್ಚು ನಂಬುತ್ತೇನೆ. ಕಷಾಯ ಕುಡಿಯಲು ಮಕ್ಕಳು ಮುಖ ಕಿವುಚುತ್ತಾರೆ. ಸಾರನ್ನ ಎಂದರೆ ಎರಡು ತುತ್ತು ಜಾಸ್ತಿಯೇ ಹೋಗುತ್ತದೆ.

ಮೂರು ಜನಕ್ಕೆ ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣನ್ನು ಬಿಸಿ ನೀರಿನಲ್ಲಿ ನೆನೆಸಿ ಕಿವುಚಿ. ಮೂರು ಲೋಟ ನೀರು, ಉಪ್ಪು, ಚಿಟಿಕೆ ಅರಿಶಿನ, ಚೂರು ಬೆಲ್ಲ ಸೇರಿಸಿ ಒಲೆಯ ಮೇಲಿಡಿ. ಹುಣಸೆಯ ಹಸಿ ವಾಸನೆ ಹೋಗುವ ತನಕ ಕುದಿಯಲಿ. ಅಷ್ಟರಲ್ಲಿ ಒಂದು ಚಮಚ ಮೆಣಸು, ಒಂದೂವರೆ ಚಮಚ ಜೀರಿಗೆ, ಐದಾರು ಎಸಳು ಬೆಳ್ಳುಳ್ಳಿಯನ್ನು ಕುಟ್ಟಾಣಿಯಲ್ಲಿ ತರಿತರಿಯಾಗಿ ಕುಟ್ಟಿಕೊಳ್ಳಿ. ಮಕ್ಕಳಿದ್ದರೆ ಮೆಣಸು ಅರ್ಧ ಚಮಚ ಸಾಕು. ಬೇಳೆ ಕಟ್ಟು ಇದ್ದರೆ ಒಂದು ಸೌಟು ಹಾಕಿ, ಇಲ್ಲದಿದ್ದರೂ ನಡೆಯುತ್ತದೆ.

ಗುಟ್ಟು ಇರುವುದು ಇಲ್ಲಿ: ಕುಟ್ಟಿದ್ದನ್ನು ಕೊನೆಯಲ್ಲಿ ಹಾಕಿ. ನೊರೆ ಕಟ್ಟಿ ಒಂದು ಉಕ್ಕು ಬಂದ ತಕ್ಷಣ ಇಳಿಸಿ. ಮೆಣಸಿನ ಪರಿಮಳ ಇರುವುದು ಬಿಸಿಗೆ ಹಾರಿಹೋಗುವ ಎಣ್ಣೆಯಂಶದಲ್ಲಿ. ಹತ್ತು ನಿಮಿಷ ಕುದಿಸಿದರೆ ಘಮ ಅಡುಗೆಮನೆಗೆ ಹೋಗಿ, ಸಾರಿನಲ್ಲಿ ಬರೀ ಖಾರ ಉಳಿಯುತ್ತದೆ. ಮೇಲೆ ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ. ಮೊದಲ ಲೋಟವನ್ನು ಹಾಗೇ ಕುಡಿಯಿರಿ, ಆಮೇಲೆ ಮೆತ್ತಗಿನ ಅನ್ನಕ್ಕೆ ಕಲಸಿಕೊಳ್ಳಿ. ಹಣೆಯಲ್ಲಿ ಬೆವರು ಬಂದರೆ ಸಾರು ಸರಿಯಾಗಿದೆ ಅಂತ ಅರ್ಥ.

ದೊಡ್ಡಪತ್ರೆ

ಕರಾವಳಿಯಲ್ಲಿ ಸಾಂಬ್ರಾಣಿ ಸೊಪ್ಪು ಅನ್ನುತ್ತಾರೆ. ದಪ್ಪ ಎಲೆ, ಮೈಮೇಲೆ ನವಿರಾದ ರೋಮ, ಮುಟ್ಟಿದರೆ ಓಮದ ವಾಸನೆ. ಒಂದು ಗೇಣುದ್ದದ ಕಡ್ಡಿ ಮುರಿದು ಕುಂಡದಲ್ಲಿ ಊರಿದರೆ ಸಾಕು, ಬಾಲ್ಕನಿಯಲ್ಲೂ ಹಬ್ಬುತ್ತದೆ. ನೀರು ಜಾಸ್ತಿಯಾದರೆ ಮಾತ್ರ ಕೊಳೆಯುತ್ತದೆ.

ನಾಲ್ಕೈದು ಎಲೆ ತೊಳೆದು ಕಾವಲಿಯ ಮೇಲೆ ಬಾಡಿಸಿ. ಆರಿದ ಮೇಲೆ ಕೈಯಲ್ಲೇ ಹಿಂಡಿದರೆ ಒಂದು ಚಮಚ ರಸ ಬರುತ್ತದೆ. ಅದಕ್ಕೆ ಒಂದು ಚಮಚ ಜೇನು ಸೇರಿಸಿ ನೆಕ್ಕುವುದು. ಬಾಡಿಸದೆ ಹಿಂಡಲು ಹೋದರೆ ಎಲೆ ಜಾರುತ್ತದೆ, ರಸವೂ ಕಡಿಮೆ.

ತಂಬುಳಿ ನನಗೆ ಇನ್ನೂ ಇಷ್ಟ. ಹತ್ತು ಎಲೆ, ಆರು ಕಾಳು ಮೆಣಸು, ಅರ್ಧ ಚಮಚ ಜೀರಿಗೆಯನ್ನು ತುಪ್ಪದಲ್ಲಿ ಬಾಡಿಸಿ, ಒಂದು ಹಿಡಿ ತೆಂಗಿನತುರಿ ಜೊತೆ ರುಬ್ಬಿ, ಹುಳಿಯಿಲ್ಲದ ಮಜ್ಜಿಗೆಗೆ ಬೆರೆಸಿ ಉಪ್ಪು ಹಾಕುವುದು. ನೆಗಡಿಗೆ ಮಜ್ಜಿಗೆಯಾ ಅಂತ ಹುಬ್ಬೇರಿಸುವವರಿದ್ದಾರೆ. ಮಲೆನಾಡಿನ ಮನೆಗಳಲ್ಲಿ ಮಳೆಗಾಲದಲ್ಲೂ ಇದನ್ನು ಉಣ್ಣುತ್ತಾರೆ. ಫ್ರಿಜ್ಜಿನಿಂದ ತೆಗೆದ ಕೂಡಲೇ ಬೇಡ, ಅಷ್ಟೇ.

ಶುಂಠಿ, ಜೇನು ಮತ್ತು ಕೆಮ್ಮು

ಹಸಿಶುಂಠಿ ತುರಿದು ಹಿಂಡಿ, ರಸವನ್ನು ಒಂದು ಬಟ್ಟಲಿನಲ್ಲಿ ಹತ್ತು ನಿಮಿಷ ಅಲುಗಾಡಿಸದೆ ಇಡಿ. ತಳದಲ್ಲಿ ಬಿಳಿ ಗಸಿ ಕೂರುತ್ತದೆ. ಸುಣ್ಣ ಅಂತ ಹಿರಿಯರು ಚೆಲ್ಲಿಸುತ್ತಿದ್ದರು. ನಿಜಕ್ಕೂ ಅದು ಗಡ್ಡೆಯ ಹಿಟ್ಟಿನಂಶ, ತಿಂದರೆ ತೊಂದರೆಯೇನಿಲ್ಲ. ತೆಗೆದರೆ ರಸ ಗಂಟಲಿಗೆ ನಯ, ಹಾಗಾಗಿ ನಾನೂ ತೆಗೆಯುತ್ತೇನೆ. ತಿಳಿ ರಸ ಅರ್ಧ ಚಮಚ, ಜೇನು ಒಂದು ಚಮಚ. ಮಲಗುವ ಮುಂಚೆ ಕೊಟ್ಟರೆ ರಾತ್ರಿ ಕೆಮ್ಮು ಕಡಿಮೆ. ಮಕ್ಕಳಿಗೆ ಬರೀ ಜೇನೂ ಸಾಕು. ಕೆಮ್ಮಿಗೆ ಜೇನು ಹಿತ ಅನ್ನುವುದನ್ನು ವೈದ್ಯರೂ ಒಪ್ಪುತ್ತಾರೆ.

ಆದರೆ ಒಂದು ವರ್ಷ ತುಂಬದ ಮಗುವಿಗೆ ಜೇನು ಒಂದು ಹನಿಯೂ ಬೇಡ. ಹುಟ್ಟಿದ ಮಗುವಿನ ನಾಲಿಗೆಗೆ ಜೇನು ಮುಟ್ಟಿಸುವ ಶಾಸ್ತ್ರ ನಮ್ಮಲ್ಲಿದೆ. ಅದನ್ನೂ ಬಿಡಿ. ಜೇನಿನಲ್ಲಿ ಬಾಟ್ಯುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಕಣ ಇರಬಹುದು. ದೊಡ್ಡವರ ಹೊಟ್ಟೆ ಅದನ್ನು ತಡೆದುಕೊಳ್ಳುತ್ತದೆ. ಎಳೆಗೂಸಿನ ಕರುಳಿನಲ್ಲಿ ಅದು ಬೆಳೆದು ನರಗಳನ್ನೇ ಹಿಡಿಯುತ್ತದೆ. ಕೂಸಿಗೆ ಬಜೆ ತೇದು ನೆಕ್ಕಿಸುವುದೂ ಬೇಡ. ಬಜೆಯ ಎಣ್ಣೆಯಲ್ಲಿರುವ ಒಂದು ಅಂಶದಿಂದಾಗಿ ಅಮೆರಿಕದಲ್ಲಿ 1968ರಲ್ಲೇ ಆಹಾರದಲ್ಲಿ ಅದರ ಬಳಕೆ ನಿಷೇಧಿಸಿದ್ದಾರೆ. ಅಜ್ಜಿಯರ ಜೊತೆ ಈ ಮಾತು ಎತ್ತುವುದು ಕಷ್ಟ, ಗೊತ್ತು. ಆದರೂ ಎತ್ತಬೇಕು.

ಅರಿಶಿನದ ಹಾಲು ಎಲ್ಲರಿಗೂ ಗೊತ್ತಿರುವುದೇ: ಒಂದು ಲೋಟ ಹಾಲು, ಕಾಲು ಚಮಚ ಅರಿಶಿನ, ಕುಟ್ಟಿದ ನಾಲ್ಕು ಮೆಣಸು, ಮೂರು ನಿಮಿಷ ಕುದಿ. ಮೆಣಸು ರುಚಿಗೆ ಮಾತ್ರ ಇರುವುದಲ್ಲ, ಅದರಲ್ಲಿನ ಪೈಪರಿನ್‌ನಿಂದ ಅರಿಶಿನದ ಅಂಶ ಮೈಗೆ ಹೆಚ್ಚು ಹಿಡಿಯುತ್ತದೆ.

ಉಪ್ಪುನೀರು ಮತ್ತು ಹಬೆ

ಖರ್ಚಿಲ್ಲದ ಮದ್ದು ಉಪ್ಪುನೀರು. ಒಂದು ದೊಡ್ಡ ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ದಿನಕ್ಕೆ ಮೂರು ನಾಲ್ಕು ಸಲ ಗಂಟಲಲ್ಲಿ ಗಳಗಳ ಮಾಡಿ ಉಗಿಯುವುದು. ನುಂಗುವ ವಯಸ್ಸಿನ ಮಕ್ಕಳಿಗೆ ಬೇಡ. ಮೂಗು ತೊಳೆಯುವ ಜಲನೇತಿ ಮಾಡುವವರು ಕುದಿಸಿ ಆರಿಸಿದ ನೀರನ್ನೇ ಬಳಸಿ. ನಲ್ಲಿ ನೀರನ್ನು ನೇರ ಮೂಗಿಗೆ ಬಿಟ್ಟರೆ, ಅಪರೂಪಕ್ಕಾದರೂ, ಮೆದುಳಿಗೆ ಹೋಗುವ ಅಮೀಬಾದ ಅಪಾಯವಿದೆ.

ಹಬೆ ತಗೊಂಡರೆ ಮೂಗು ಸ್ವಲ್ಪ ಹೊತ್ತು ಬಿಡುತ್ತದೆ, ಅದಕ್ಕಿಂತ ಹೆಚ್ಚಿನ ಲಾಭವಿಲ್ಲ. ಅಪಾಯ ಮಾತ್ರ ದೊಡ್ಡದು. ಒಮ್ಮೆ ನಾನು ಮಂಚದ ಮೇಲೆ ಪಾತ್ರೆ ಇಟ್ಟುಕೊಂಡು ಕಂಬಳಿ ಹೊದ್ದು ಕೂತಿದ್ದೆ. ಹಾಸಿಗೆ ಜಗ್ಗಿ ಪಾತ್ರೆ ವಾಲಿತು. ಪಾದದ ಮೇಲೆ ಗುಳ್ಳೆ ಎದ್ದು ಹದಿನೈದು ದಿನ ಚಪ್ಪಲಿ ಹಾಕಲಾಗಲಿಲ್ಲ. ಅಂದಿನಿಂದ ಪಾತ್ರೆ ಮೇಜಿನ ಮೇಲೇ. ಅಗಲ ತಳದ ಭಾರದ ಪಾತ್ರೆ, ಒಲೆಯಿಂದ ಇಳಿಸಿ ಎರಡು ನಿಮಿಷ ಬಿಟ್ಟ ನೀರು, ತಲೆಗೆ ತೆಳು ಟವೆಲ್, ಮುಖ ಒಂದು ಮೊಳ ದೂರ, ಐದು ನಿಮಿಷ. ಮಕ್ಕಳಿಗೆ ಹಬೆಯ ಪಾತ್ರೆ ಬೇಡವೇ ಬೇಡ. ಬಿಸಿನೀರು ಬಿಟ್ಟ ಬಚ್ಚಲುಮನೆಯಲ್ಲಿ ಎತ್ತಿಕೊಂಡು ಕೂತರೆ ಅಷ್ಟೇ ಹಿತ ಸಿಗುತ್ತದೆ. ಪುಟ್ಟ ಮಕ್ಕಳ ಮೂಗಿಗೆ, ಎದೆಗೆ ಕರ್ಪೂರ ಹಚ್ಚುವುದೂ ಒಳ್ಳೆಯದಲ್ಲ. ಬಾಯಿಗೆ ಹೋದರೆ ಕರ್ಪೂರ ವಿಷ, ಫಿಟ್ಸ್ ಬರಬಹುದು.

ಯಾರು ಹುಷಾರಾಗಿರಬೇಕು

ಜ್ಯೇಷ್ಠಮಧುವನ್ನು ದಿನಗಟ್ಟಲೆ ತಗೊಂಡರೆ ಬಿಪಿ ಏರುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುತ್ತದೆ. ಬಿಪಿ, ಹೃದಯ, ಕಿಡ್ನಿ ತೊಂದರೆ ಇರುವವರು ಮತ್ತು ಗರ್ಭಿಣಿಯರು ಇದನ್ನು ಬಿಡಬೇಕು. ಶುಗರ್ ಇರುವವರಿಗೆ ಬೆಲ್ಲವೂ ಸಕ್ಕರೆಯೇ, ಜೇನೂ ಸಕ್ಕರೆಯೇ. ರಕ್ತ ತೆಳುವಾಗುವ ಮಾತ್ರೆ ನುಂಗುವವರು ಅಡುಗೆಯ ಅಳತೆ ಮೀರಿ ಶುಂಠಿ, ಬೆಳ್ಳುಳ್ಳಿ, ಅರಿಶಿನ ತಗೊಳ್ಳುವ ಮುಂಚೆ ಡಾಕ್ಟರನ್ನು ಕೇಳಿ. ಕೊರೋನಾ ನಂತರ ಅಮೃತಬಳ್ಳಿ ಕಷಾಯದ ಹುಚ್ಚು ಜಾಸ್ತಿಯಾಗಿದೆ. ಅದನ್ನು ಕುಡಿದ ಕೆಲವರಲ್ಲಿ ಲಿವರ್ ತೊಂದರೆ ಕಂಡಿದ್ದು ವೈದ್ಯಕೀಯ ವರದಿಗಳಲ್ಲಿದೆ. ಬೇರೆ ಬಳ್ಳಿಯನ್ನೇ ಅಮೃತಬಳ್ಳಿ ಎಂದು ಕಿತ್ತು ತರುವವರೂ ಇದ್ದಾರೆ. ನಮ್ಮನೆಯ ಪುಡಿಗೆ ಅದನ್ನು ಹಾಕುವುದಿಲ್ಲ.

ಇನ್ನು ಕಷಾಯದ ಡಬ್ಬಿ ಮುಚ್ಚಿ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು. ಮೂರು ತಿಂಗಳೊಳಗಿನ ಮಗುವಿಗೆ ಜ್ವರ 100.4 ಡಿಗ್ರಿ ಮುಟ್ಟಿದರೆ ಅದೇ ಕ್ಷಣ ಹೊರಡಿ. ದೊಡ್ಡವರಿಗೆ ಜ್ವರ ಮೂರು ದಿನ ದಾಟಿದರೆ, ಉಸಿರು ಕಟ್ಟಿದರೆ, ಎದೆಯಲ್ಲಿ ಸುಯ್ ಅನ್ನುವ ಸದ್ದು ಬಂದರೆ, ಕಿವಿ ನೋವು ಶುರುವಾದರೆ, ವಾಸಿಯಾಗುತ್ತಿದ್ದದ್ದು ಮತ್ತೆ ಜೋರಾದರೆ ಕಾಯಬೇಡಿ. ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಪರೀಕ್ಷೆ ಉಚಿತ. ಮಳೆಗಾಲದಲ್ಲಿ ಮೂಗು ಸೋರದೆ ಬರೀ ಜೋರು ಜ್ವರ, ಮೈಕೈ ನೋವು, ಕಣ್ಣಿನ ಹಿಂದೆ ನೋವು ಬಂದರೆ ಅದು ನೆಗಡಿಯಲ್ಲ, ಡೆಂಗಿ ಇರಬಹುದು.

ನಮ್ಮನೆಯಲ್ಲಿ ದಿನ ಹೀಗೆ ಸಾಗುತ್ತದೆ

ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ಉಪ್ಪುನೀರು. ತಿಂಡಿ ಆದ ಮೇಲೆ ಒಂದು ಲೋಟ ಕಷಾಯ, ಖಾಲಿ ಹೊಟ್ಟೆಗೆ ಬೇಡ. ಮಧ್ಯಾಹ್ನ ಮೆಣಸಿನ ಸಾರು, ಮೆತ್ತಗಿನ ಅನ್ನ, ಸುಟ್ಟ ಹಪ್ಪಳ. ಸಂಜೆ ಕಾಫಿಯ ಜಾಗದಲ್ಲಿ ಇನ್ನೊಂದು ಲೋಟ ಕಷಾಯ. ಕಾಫಿ ಬಿಡಲಾಗದವರು ಕಾಫಿಯನ್ನೇ ಕುಡಿಯಿರಿ, ಅದಕ್ಕೇನು ಜಗಳ ಬೇಡ. ನಡುನಡುವೆ ಬಿಸಿನೀರು. ರಾತ್ರಿ ಹಬೆ ಐದು ನಿಮಿಷ, ಶುಂಠಿ ಜೇನು ಒಂದು ಚಮಚ, ತಲೆದಿಂಬು ಒಂದರ ಬದಲು ಎರಡು. ಸೋಸಿ ಉಳಿದ ಕಷಾಯದ ಚರಟ ಬಾಲ್ಕನಿಯ ದೊಡ್ಡಪತ್ರೆ ಕುಂಡಕ್ಕೆ.